ಎಡಗೈ ಗಂಟು

೧೯೬೪ರ ಬೇಸಿಗೆಯಲ್ಲಿ ಶಿಗ್ಗಾಂವಿಯ ಗುದ್ಲೆಪ್ಪ ಮಾಸ್ತರರ ಮನೆಯಿಂದ ವಾಯರ್‌ಮನ್ ನೀಲಪ್ಪನಿಗೆ ಹೇಳಿಕೆ ಬಂತು. ಪಡಸಾಲೆಯ ದೀಪ ಹತ್ತುತ್ತದೆ, ಆರುತ್ತದೆ. ಸ್ವಿಚ್ಚಿನ ಒಳಗೆ ಚಿಟಿಚಿಟಿ ಸದ್ದು. ಮುಟ್ಟಲು ಹೆದರಿಕೆ, ಬೇಗ ಬರಬೇಕು ಎಂದು. ನೀಲಪ್ಪ ಆ ವಾರ ಬಂಕಾಪುರದ ಅಕ್ಕಿ ಗಿರಣಿಯೊಂದರ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದ. ನಾಲ್ಕು ದಿನ ತಡವಾಗಿ, ಸೈಕಲ್ಲಿಗೆ ಸಾಮಾನಿನ ಚೀಲ ತೂಗುಹಾಕಿಕೊಂಡು ಹೋದಾಗ ಮಾಸ್ತರರು ಸಾಲೆಗೆ ಹೋಗಿದ್ದರು. ಅವರ ಹೆಂಡತಿ ಹುಚ್ಚವ್ವ ಬಾಗಿಲಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು.

“ಈಗ ಬಂದೇನಪಾ ನೀಲಪ್ಪ? ಅದು ಸರಿ ಆತಲ್ಲ.”

“ಯಾರ್ ಮಾಡಿದ್ರು ಅವ್ವಾರ?”

“ಯಾರೂ ಇಲ್ಲ. ತಾನಾ ಆತು.” ಹುಚ್ಚವ್ವ ಮೊರದಿಂದ ಮುಖ ಎತ್ತಲಿಲ್ಲ.

ಸ್ವಿಚ್ಚಿನೊಳಗೆ ಸುಟ್ಟ ತಂತಿ ತಾನಾಗಿ ಕೂಡಿಕೊಳ್ಳುವುದನ್ನು ನೀಲಪ್ಪ ಎಲ್ಲಿಯೂ ಕಂಡಿರಲಿಲ್ಲ. ಬಂದದ್ದೇ ಬಂದೆ, ಒಮ್ಮೆ ನೋಡಿಯೇ ಹೋಗುತ್ತೇನೆಂದು ಒಳಗೆ ಹೋದ. ಹಿತ್ತಲ ಗೋಡೆಯ ಮೇಲಿದ್ದ ಬೋರ್ಡಿನಿಂದ ಪಿಂಗಾಣಿಯ ಫ್ಯೂಜನ್ನು ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಪಡಸಾಲೆಗೆ ಬಂದು, ಸ್ವಿಚ್ಚಿನ ದುಂಡು ಮುಚ್ಚಳ ತಿರುಗಿಸಿ ತೆಗೆದ.

ಸುಟ್ಟಿದ್ದ ತುದಿಯನ್ನು ಯಾರೋ ಕತ್ತರಿಸಿದ್ದರು. ಹೊಸ ತಂತಿಯ ಒಂದು ಗೇಣು ತುಂಡನ್ನು ಅದಕ್ಕೆ ಹೆಣೆದಿದ್ದರು. ಹೆಣಿಗೆಯ ಸುತ್ತು ಎಲ್ಲರೂ ಹಾಕುವಂತೆ ಬಲಕ್ಕಿರಲಿಲ್ಲ, ಎಡಕ್ಕಿತ್ತು. ಅದರ ಮೇಲೆ ಟೇಪು. ಟೇಪಿನ ಮೇಲೆ ಮೇಣ ಹಚ್ಚಿದ ದಪ್ಪ ಕರೀ ದಾರ ಏಳು ಸುತ್ತು ಬಿಗಿದು, ಕೊನೆಗೆ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ಗಂಟು. ನೀಲಪ್ಪ ಬೆರಳು ತಾಗಿಸಿ ನೋಡಿದ. ಟೇಪು ಇನ್ನೂ ಮೆತ್ತಗಿತ್ತು, ಬೆರಳಿಗೆ ಅಂಟಿತು.

ಹಾಗೆ ಗಂಟು ಹಾಕುವವರು ಈ ಸೀಮೆಯಲ್ಲಿ ಒಬ್ಬರೇ ಇದ್ದರು: ಅವನಿಗೆ ಕೆಲಸ ಕಲಿಸಿದ ಸವಣೂರಿನ ಗೌಸಸಾಬ. ಉಸ್ತಾದರು ಸತ್ತು ಆರು ವರ್ಷವಾಗಿತ್ತು. ಗುದ್ಲೆಪ್ಪ ಮಾಸ್ತರರ ಮನೆಗೆ ವಾಯರು ಎಳೆದದ್ದು ಮೂರು ವರ್ಷದ ಹಿಂದೆ, ನೀಲಪ್ಪನೇ ಎಳೆದಿದ್ದ. ಉಸ್ತಾದರು ಈ ಮನೆಯ ಹೊಸ್ತಿಲನ್ನು ಕಂಡವರೇ ಅಲ್ಲ.

ಮುಚ್ಚಳ ಹಾಕಿ, ಫ್ಯೂಜು ತೊಡಿಸಿ, ಹುಚ್ಚವ್ವ ಕೊಟ್ಟ ನೀರು ಕುಡಿಯದೆ ಹೊರಬಿದ್ದ. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಸೈಕಲ್ ಹತ್ತಿದವನು ಎರಡು ಸಲ ತಿರುಗಿ ನೋಡಿದ.

ನೀಲಪ್ಪ ದುಂಡಸಿಯವನು. ಮನೆಯಲ್ಲಿ ಮೂರು ಜನ ಅಣ್ಣಂದಿರಿಗೆ ಸಾಲುವಷ್ಟು ಮಾತ್ರ ಹೊಲವಿತ್ತು. ಇಪ್ಪತ್ತರ ಪ್ರಾಯದಲ್ಲಿ ಅವನು ಸವಣೂರಿಗೆ ಹೋಗಿ ಗೌಸಸಾಬನ ಜೊತೆ ಸೇರಿಕೊಂಡ. ಊರುಗಳಿಗೆ ಆಗಷ್ಟೇ ಕರೆಂಟು ಬರುತ್ತಿದ್ದ ಕಾಲ. ಹಳೆಯ ವಾಡೆಗಳ ಮಣ್ಣಿನ ಗೋಡೆಗೆ ಕಟ್ಟಿಗೆಯ ಪಟ್ಟಿ ಬಡಿಯುವುದು, ತೊಲೆಗೆ ಕೊಂಡಿ ಹಾಕಿ ಫ್ಯಾನು ತೂಗಿಸುವುದು, ಕೈಕೊಟ್ಟ ಸ್ವಿಚ್ಚಿನ ರೋಗ ಎಲ್ಲಿದೆಯೆಂದು ಹುಡುಕುವುದು, ಎಲ್ಲವನ್ನೂ ಉಸ್ತಾದರು ಕಲಿಸಿದರು. ಅವರು ಎಡಚರು. ಬೈಯುವವರಲ್ಲ. ಒಂದೇ ಒಂದು ಮಾತನ್ನು ಮಾತ್ರ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಗ್ವಾಡಿ ಸ್ವಿಚ್ಚು ನಂಬಬ್ಯಾಡ. ಫ್ಯೂಜು ತಗದು ಕಿಸೇದಾಗ ಇಟ್ಕೋ.”

ಆ ಮಾತನ್ನು ನೀಲಪ್ಪ ಮೀರಿದ್ದು ಒಂದೇ ಸಲ.

೧೯೫೮ರ ಮಳೆಗಾಲ. ಹಾನಗಲ್ಲಿನ ಅಡತಿ ವ್ಯಾಪಾರಿ ಕರಬಸಪ್ಪನವರ ಹಳೆಯ ಮನೆ. ಒಳಖೋಲಿಯ ಫ್ಯಾನು ಗೊರಗೊರ ಎನ್ನುತ್ತಿತ್ತು. ಆ ಮನೆಗೆ ವಾಯರು ಎಳೆದವನು ಎಲ್ಲಿಂದಲೋ ಬಂದ ಬೇರೆ ಯಾರೋ. ಉಸ್ತಾದರು ಏಣಿ ಹತ್ತಿ, “ಫ್ಯೂಜು ತಗಿ” ಅಂದರು. ಫ್ಯೂಜಿನ ಬೋರ್ಡು ಬಚ್ಚಲಿನ ಆಚೆಗಿತ್ತು. ಬಚ್ಚಲಲ್ಲಿ ಹೆಣ್ಣುಮಕ್ಕಳು ತಲೆ ತೊಳೆಯುತ್ತಿದ್ದರು, ಆ ಕಡೆ ಹೋಗುವ ಹಾಗಿರಲಿಲ್ಲ. ಕಾಯಬೇಕಾಗುತ್ತದೆಂಬ ಬೇಸರಕ್ಕೆ ನೀಲಪ್ಪ ಗೋಡೆಯ ಸ್ವಿಚ್ಚನ್ನು ಕೆಳಗೆ ಮಾಡಿದ. ಫ್ಯಾನು ನಿಂತಿತು. “ತಗದೇನಿ ಉಸ್ತಾದ್” ಎಂದ.

ಸ್ವಿಚ್ಚು ಕಡಿಯಬೇಕಾದದ್ದು ಕರೆಂಟು ತರುವ ತಂತಿಯನ್ನು. ಆ ಮನೆಯಲ್ಲಿ ಅದನ್ನು ತಿರುಗುಮುರುಗು ಮಾಡಿ, ಕರೆಂಟು ತಿರುಗಿ ಹೋಗುವ ತಂತಿಗೆ ಹಾಕಿದ್ದರು. ಹಾಗಾಗಿ ಫ್ಯಾನು ನಿಂತರೂ ಮೇಲಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತಿತ್ತು. ಉಸ್ತಾದರ ಬಲಗೈ ಒದ್ದೆ ಗೋಡೆಯ ಮೇಲಿತ್ತು. ಎಡಗೈಯಿಂದ ತಂತಿ ಹಿಡಿದರು. ಅವರು ಕೂಗಲಿಲ್ಲ. ಏಣಿ ಒಮ್ಮೆ ನಡುಗಿತು, ಆಮೇಲೆ ಬಿದ್ದಿತು.

ಜನ ಓಡಿ ಬರುವುದರೊಳಗೆ ನೀಲಪ್ಪ, ಸದ್ದಿಗೆ ಹೆಣ್ಣುಮಕ್ಕಳು ಬಿಟ್ಟು ಓಡಿದ್ದ ಬಚ್ಚಲನ್ನು ಹಾಯ್ದು ಹೋಗಿ ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಏಣಿ ಜಾರಿತು ಎಂದು ಯಾರೋ ಅಂದರು. ಅವನು ಇಲ್ಲವೆನ್ನಲಿಲ್ಲ. ಕರಬಸಪ್ಪನವರು ಆ ಖೋಲಿಗೆ ಕೀಲಿ ಹಾಕಿಸಿದರು. ಫ್ಯಾನಿನ ತಂತಿಗಳು ಬಿಚ್ಚಿದಂತೆಯೇ ಜೋತುಬಿದ್ದಿದ್ದವು. ಸತ್ತ ನಲವತ್ತನೆಯ ದಿನದ ಶಾಸ್ತ್ರಕ್ಕೆ ಸವಣೂರಿಗೆ ಹೋಗಿ, ಉಸ್ತಾದರ ಹೆಂಡತಿ ಮುನವ್ವರಾಳಿಗೂ ಮಗಳು ನಸೀರಾಳಿಗೂ ಮುಖ ತೋರಿಸಿ ಬಂದವನು ಮತ್ತೆ ಆ ಊರಿಗೆ ಕಾಲಿಡಲಿಲ್ಲ. ಶಿಗ್ಗಾಂವಿಯಲ್ಲಿ ಮನೆ ಮಾಡಿದ, ಮದುವೆಯಾದ, ಉಸ್ತಾದರ ಗಿರಾಕಿಗಳೆಲ್ಲ ಅವನ ಗಿರಾಕಿಗಳಾದರು. ಸವಣೂರಿನ ಕೆಲಸ ಬಂದರೆ ಮಾತ್ರ ಏನಾದರೊಂದು ನೆವ ಹೇಳುತ್ತಿದ್ದ.

ಮಾಸ್ತರರ ಮನೆಯಲ್ಲಿ ಕಂಡದ್ದನ್ನು ನೀಲಪ್ಪ ಯಾರಿಗೂ ಹೇಳಲಿಲ್ಲ. ಕಣ್ಣು ಮೋಸ ಮಾಡಿರಬೇಕು ಅಂದುಕೊಂಡ. ಮೂರು ವಾರ ಕಳೆದ ಮೇಲೆ ಹಿರೇಕೆರೂರಿಗೆ ಹೋದ.

ಅಲ್ಲಿ ಉಳಿವೆಪ್ಪನೆಂಬವನು ಹಳೆಯದೊಂದು ಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದ. ಅಟ್ಟದ ಖೋಲಿಯ ಫ್ಯಾನಿನ ರೆಗ್ಯುಲೇಟರ್ ಕೆಟ್ಟಿತ್ತು. ಗುಂಡಿ ಎಷ್ಟೇ ತಿರುಗಿಸಿದರೂ ಫ್ಯಾನು ಒಂದೇ ಓಟ ಓಡುತ್ತಿತ್ತು. ಹಿಂದಿನ ತಿಂಗಳು ನೀಲಪ್ಪ ಅದನ್ನು ಬಿಚ್ಚಿ ನೋಡಿ, ಒಳಗಿನ ಸುರುಳಿ ತಂತಿ ಸುಟ್ಟು ಅಂಟಿಕೊಂಡಿದೆ, ಹುಬ್ಬಳ್ಳಿಯಿಂದ ಹೊಸದು ತರಬೇಕು ಎಂದು ಹೇಳಿ ಬಂದಿದ್ದ. ಈಗ ತಂತಿ ತಂದಿದ್ದ.

“ಮತ್ತೇನ್ ಮಾಡಾಕ ಬಂದಿ?” ಉಳಿವೆಪ್ಪ ನಕ್ಕ. “ನೀನ ಮಾಡಿ ಹೋಗಿಯಲ್ಲೋ. ನಿನ್ನೆ ಫ್ಯಾನ್ ಹಾಕಿ ನೋಡಿದೆ, ಒಂದರಿಂದ ಐದರ ಮಟಾ ಹೇಳಿದಂಗ ಕೇಳತೈತಿ.”

“ನಾ ಮಾಡಿಲ್ರಿ. ನಡುವ ಯಾರರ ಬಂದಿದ್ರೇನು?”

“ಯಾರ್ ಬರ್ತಾರ? ನೀ ಹೋದಾಗಿಂದ ಕೀಲಿ ಹಾಕೇತಿ. ಕೀಲಿಕೈ ನನ್ನ ಉಡದಾರದಾಗ ಐತಿ.”

ನೀಲಪ್ಪ ಒಬ್ಬನೇ ಅಟ್ಟ ಹತ್ತಿದ. ಖೋಲಿಯೊಳಗೆ ಒಂದು ಮಂಚ, ಒಂದು ಮಣ್ಣಿನ ಹೂಜಿ, ಕಿಟಕಿಯ ಸಂದಿಯಿಂದ ಬಿದ್ದ ಒಂದು ಗೆರೆ ಬಿಸಿಲು. ನೆಲದ ಧೂಳಿನಲ್ಲಿ ಉಳಿವೆಪ್ಪ ನಿನ್ನೆ ಬಂದು ಹೋದ ಹೆಜ್ಜೆಗಳಲ್ಲದೆ ಬೇರೆ ಹೆಜ್ಜೆ ಇರಲಿಲ್ಲ. ಗುಂಡಿಯನ್ನು ಒಂದಕ್ಕೆ ತಿರುಗಿಸಿದ. ಫ್ಯಾನು ಮೆಲ್ಲಗೆ ಎದ್ದಿತು. ಎರಡು, ಮೂರು, ನಾಲ್ಕು, ಐದು. ಬಂದು ಮಾಡಿದ ಮೇಲೂ ಅದು ಬಹಳ ಹೊತ್ತು ತಿರುಗುತ್ತಲೇ ಇತ್ತು, ಯಾರೋ ಕೆಳಗೆ ಮಲಗಿದ್ದಾರೆ, ಅವರಿಗೆ ಎಚ್ಚರವಾಗಬಾರದು ಎಂಬ ಹಾಗೆ. ಫ್ಯೂಜು ಕಿಸೆಗೆ ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದ. ಒಳಗೆ ಹೊಸ ಸುರುಳಿ. ಎಡಕ್ಕೆ ಸುತ್ತಿದ್ದು. ಎರಡೂ ತುದಿಗೆ ಕರೀ ದಾರ, ಏಳು ಸುತ್ತು, ಸಾಸಿವೆ ಗಂಟು.

ಅವನು ತಂದಿದ್ದ ತಂತಿ ಕೈಯಲ್ಲೇ ಉಳಿಯಿತು. ಕೆಳಗೆ ಬಂದು ಉಳಿವೆಪ್ಪನ ಮುಂದೆ ಏನೂ ಆಡದೆ ಬಸ್ಸು ಹಿಡಿದ.

ಅಂದಿನಿಂದ ಅವನ ನಡೆಯೇ ಬದಲಾಯಿತು. ಫ್ಯೂಜು ತೆಗೆದು ಕಿಸೆಯಲ್ಲಿಟ್ಟುಕೊಂಡರೂ ನಂಬಿಕೆ ಬಾರದೆ ಎರಡೆರಡು ಸಲ ಹೋಗಿ ಬೋರ್ಡು ನೋಡಿ ಬರುವನು. ಏಣಿಯ ಮೇಲೆ ನಿಂತಾಗ ಕೆಳಗೆ ಯಾರೋ ನಿಂತಂತಾಗುವುದು. ನೋಡಿದರೆ ಖಾಲಿ ನೆಲ. ಅನ್ನ ಉಣ್ಣುವುದು ಕಡಿಮೆಯಾಯಿತು. ಹೆಂಡತಿ ಶಾರವ್ವ ಒಂದು ದಿನ ತಡೆದು ಕೇಳಿದಳು.

“ಏನಾಗೇತ್ರಿ ನಿಮಗ? ಗ್ವಾಡಿ ನೋಡಿದ್ರೂ ಬೆಚ್ತೀರಿ.”

ಅವನು ಗಂಟಿನ ಸುದ್ದಿಯನ್ನಷ್ಟೇ ಹೇಳಿದ. ಹಾನಗಲ್ಲಿನದನ್ನು ಹೇಳಲಿಲ್ಲ. ಶಾರವ್ವ ಅವನ ಎದುರಿಗೆ ಬಂದು ಕುಳಿತಳು. “ಉಸ್ತಾದ್ ಹೋದ ಮ್ಯಾಲ ಅವ್ರ ಹೆಂಡ್ರು ಮಕ್ಕಳು ಹ್ಯಾಂಗದಾರಂತ ನೀವು ಹೋಗಿ ನೋಡಿಲ್ಲ. ಆ ಜೀವ ನಿಮ್ಮ ಹಿಂದ ಬಿದ್ದಿರಬೇಕು. ಒಮ್ಮೆ ಹೋಗಿ ಬರ್ರಿ.”

ನೀಲಪ್ಪ ಹೂಂ ಎಂದ. ಹೋಗಲಿಲ್ಲ.

ಕಾರಹುಣ್ಣಿಮೆ ಕಳೆದ ಮರುವಾರ ಹಾನಗಲ್ಲಿನಿಂದ ಕರಬಸಪ್ಪನವರ ಆಳು ಬಂದ. ಈಗಿಂದೀಗ ಬರಬೇಕಂತೆ. ಬೇರೆ ಯಾರಿಗೂ ಹೇಳಬಾರದಂತೆ.

ಕರಬಸಪ್ಪನವರು ಕಟ್ಟೆಯ ಮೇಲೆಯೇ ಕುಳಿತಿದ್ದರು. ಒಳಗೆ ಹೋಗಿ ಮೂರು ದಿನವಾಗಿತ್ತೆಂಬುದು ಅವರ ಅಂಗಿಯನ್ನು ನೋಡಿದರೇ ತಿಳಿಯುತ್ತಿತ್ತು.

“ನೀಲಪ್ಪ, ಆ ಖೋಲ್ಯಾಗಿನ ಫ್ಯಾನು ತಿರುಗಾಕತ್ತೈತಿ.”

“ಯಾ ಫ್ಯಾನ್ರಿ?”

“ಯಾವ್ದಂತ ಕೇಳ್ತೀಯಲ್ಲ. ನಾ ಹಾವೇರಿ ಸಂತಿಗೆ ಹೋಗಿದ್ದೆ. ಮಗಳ ಬಾಣಂತನಕ್ಕ ಗಾಳಿ ಬೇಕಂತ ಹೆಂಗಸರು ಆ ಖೋಲಿ ಕೀಲಿ ತಗದಾರ. ನಾ ಬರೂದ್ರಾಗ ಫ್ಯಾನು ತಿರುಗಾಕತ್ತಿತ್ತು. ಆರ್ ವರ್ಷದ ಹಿಂದ ವಾಯರು ಜೋತುಬಿದ್ದಿದ್ದು ನನ್ನ ಕಣ್ಣಿಲೇ ನೋಡೇನಿ. ಯಾರ್ ಕೂಡಿಸಿದ್ರು? ಕೇಳಿದ್ರ ತಾನಾ ಆತಂತಾರ.” ಅವರು ದನಿ ತಗ್ಗಿಸಿದರು. “ಅದನ್ನ ಇಳಿಸಿ ಒಯ್ದುಬಿಡು. ಸಾಬರು ನನ್ನ ಮನ್ಯಾಗ ಸತ್ತದ್ದು. ಅದು ನನ್ನ ಬೆನ್ನು ಬಿಡವಲ್ದು.”

ನೀಲಪ್ಪ ಚೀಲ ಎತ್ತಿಕೊಂಡ. ಒಳಗೆ ನಡೆದ. ಬಾಣಂತಿಯನ್ನು ಬೇರೆ ಕೋಣೆಗೆ ಕಳಿಸಿದ್ದರು. ಖೋಲಿಯಲ್ಲಿ ಖಾಲಿ ತೊಟ್ಟಿಲು, ಅದರಲ್ಲಿ ಮಡಿಸಿಟ್ಟ ಸಣ್ಣದೊಂದು ಕೌದಿ. ಮೇಲೆ ಫ್ಯಾನು ತಿರುಗುತ್ತಿತ್ತು. ಗೊರಗೊರ ಸದ್ದಿರಲಿಲ್ಲ. ಅಂದು ಉಸ್ತಾದರು ಸರಿ ಮಾಡಲು ಹತ್ತಿದ್ದ ಸದ್ದು ಅದು. ಈಗ ಆ ಕೆಲಸ ಮುಗಿದಿತ್ತು.

ಬಚ್ಚಲಿನ ಆಚೆ ಹೋಗಿ ಫ್ಯೂಜು ಕಿತ್ತು ತಂದ. ಸ್ವಿಚ್ಚು ಬಿಚ್ಚಿದ. ತಂತಿಗಳನ್ನು ಒಂದೊಂದಾಗಿ ಹಿಡಿದು, ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ನೋಡುತ್ತ ಹೋದ. ತಂತಿಗಳನ್ನು ಅದಲುಬದಲು ಮಾಡಿದ್ದರು. ಈಗ ಸ್ವಿಚ್ಚು ಕಡಿಯುತ್ತಿದ್ದದ್ದು ಕರೆಂಟು ತರುವ ತಂತಿಯನ್ನೇ, ಕಡಿಯಬೇಕಾದದ್ದನ್ನೇ. ಗೌಸಸಾಬನ ಜೀವ ತೆಗೆದ ತಪ್ಪನ್ನು ಯಾರೋ ತಿದ್ದಿದ್ದರು. ಹೆಣಿಗೆ ಎಡಕ್ಕಿತ್ತು. ಕರೀ ದಾರ ಏಳು ಸುತ್ತಿತ್ತು.

ಆ ತಪ್ಪನ್ನು ಬಲ್ಲವರು ಲೋಕದಲ್ಲಿ ಇಬ್ಬರೇ ಎಂದು ನೀಲಪ್ಪ ಆರು ವರ್ಷ ನಂಬಿದ್ದ. ಒಬ್ಬ ತಾನು. ಇನ್ನೊಬ್ಬರು ಆ ತಂತಿಯನ್ನು ಹಿಡಿದವರು.

ತೊಟ್ಟಿಲ ಪಟ್ಟಿ ಹಿಡಿದು ಕೆಳಗೆ ಕುಳಿತ. ಕೈ ಕೌದಿಯ ಮೇಲೆ ಬಿತ್ತು. ಬೆರಳಿಗೆ ಏನೋ ಒತ್ತಿತು. ಕೌದಿಯ ಅಂಚಿನಲ್ಲಿ ಹೊಲಿಗೆ ಮುಗಿಯುವ ಕಡೆ ಸಾಸಿವೆ ಕಾಳಿನಷ್ಟು ಗಂಟು. ಅದೇ ದಾರ, ಅದೇ ಮೇಣ. ನೀಲಪ್ಪ ಕೌದಿಯನ್ನು ಮೂಗಿನ ಹತ್ತಿರ ತಂದು ಎರಡೂ ಕೈಯಿಂದ ತಿರುವಿ ತಿರುವಿ ನೋಡಿದ. ಉಸ್ತಾದರಿಗೆ ಆ ದಾರ ಬರುತ್ತಿದ್ದದ್ದು ಎಲ್ಲಿಂದ ಎಂಬುದು ಆಗ ನೆನಪಾಯಿತು. ಮುನವ್ವರಾ ಕೌದಿ ಹೊಲಿಯುತ್ತಿದ್ದಳು.

ಬಾಗಿಲಲ್ಲಿ ಕರಬಸಪ್ಪನವರ ಹೆಂಡತಿ ಮಾದೇವಿ ನಿಂತಿದ್ದಳು. ಅವನ ಕೈಯಲ್ಲಿದ್ದ ಕೌದಿಯನ್ನು ನೋಡಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

“ನಮ್ಮ ಮನಿಯವರಿಗೆ ಹೇಳಬ್ಯಾಡಪಾ. ಕೌದಿ ಹೊಲಿಯಾಕ ಸವಣೂರಿಂದ ಗೌಸಸಾಬನ ಮಗಳು ಬಂದಿದ್ಲು. ಎಂಟು ದಿನ ಇಲ್ಲೇ ಇದ್ಲು, ಯಾರ ಮಗಳಂತ ಇವರಿಗೆ ಹೇಳಿಲ್ಲ. ಈ ಖೋಲಿ ತೋರ್ಸು ಅಂತ ಆಕೀನ ಕೇಳಿದ್ಲು. ನಾ ಫ್ಯೂಜು ಹಿಡ್ಕೊಂಡು ನಿಂತೆ, ಆಕಿ ಮಂಚದ ಮ್ಯಾಲ ಸ್ಟೂಲ್ ಇಟ್ಟು ಹತ್ತಿದ್ಲು.”

“ಯಾರಿಗೂ ಹೇಳಿಲ್ಲ ಯಾಕ್ರಿ?”

“ಹೆಣ್ಣಮಗಳು ಕರೆಂಟಿಗೆ ಕೈ ಹಾಕ್ತಾಳಂದ್ರ ಗಂಡಸರು ಸುಮ್ನ ಬಿಡ್ತಾರೇನು? ಆಕೀ ಕೆಲಸಾನೂ ಹೋಗ್ತಿತ್ತು. ಆಕಿ ಹೋದ ಮನ್ಯಾಗೆಲ್ಲ ಹೆಂಗಸರು ಬಾಯಿ ಮುಚ್ಕೊಂಡಾರ.”

ಫ್ಯಾನು ಇಳಿಸುವ ಮಾತನ್ನು ನಾಳೆಗೆ ದೂಡಿ ನೀಲಪ್ಪ ಸವಣೂರಿನ ಬಸ್ಸು ಹತ್ತಿದ. ಹೆದರಿಕೆ ಇಳಿದಿತ್ತು ಎನ್ನುವಂತಿಲ್ಲ. ಸತ್ತವರ ಮುಂದೆ ನಿಲ್ಲುವುದಕ್ಕಿಂತ ಈಗ ಹೋಗುತ್ತಿದ್ದ ಬಾಗಿಲು ಅವನಿಗೆ ಕಷ್ಟದ್ದಾಗಿತ್ತು.

ಮುನವ್ವರಾಳ ಕಣ್ಣು ಮಂಜಾಗಿತ್ತು, ಬೆರಳ ಅಂದಾಜಿನಲ್ಲೇ ಕೌದಿ ಹೊಲಿಯುತ್ತಿದ್ದಳು. ದನಿಯಿಂದಲೇ ಗುರುತು ಹಿಡಿದಳು. “ನೀಲಪ್ಪ ಏನೋ? ಬಾರಪಾ, ಕುಂದ್ರು. ನಸೀರಾ, ಚಹಾ ಇಡು. ಇಷ್ಟ್ ವರ್ಷಕ್ಕ ದಾರಿ ನೆನಪಾತು ನಿನಗ.”

ನಸೀರಾ ಚಹಾ ತಂದಳು. ಹದಿನೆಂಟರ ಹುಡುಗಿಯಾಗಿ ಕಂಡಿದ್ದವಳು ಈಗ ಇಪ್ಪತ್ನಾಲ್ಕರ ಹೆಂಗಸು. ಬಟ್ಟಲನ್ನು ಎಡಗೈಯಿಂದ ಮುಂದೆ ಇಟ್ಟಳು. ತಂದೆ ಮನೆಗೆ ತರುತ್ತಿದ್ದ ಕೆಟ್ಟ ರೆಗ್ಯುಲೇಟರುಗಳ ತಂತಿಯ ತುದಿ ಹಿಡಿದು ಕೂರುತ್ತಿದ್ದವಳು, ನೋಡನೋಡುತ್ತ ಕಲಿತಿದ್ದಳು. ಕೌದಿ ಹೊಲಿಯಲು ಹೋದ ಮನೆಗಳಲ್ಲಿ ಹೆಂಗಸರು ಇದು ಹತ್ತದು, ಅದು ತಿರುಗದು ಎಂದು ಒದ್ದಾಡುವುದನ್ನು ಕಂಡು ಒಂದು ದಿನ ಕೈ ಹಾಕಿದಳು. ಇದನ್ನೆಲ್ಲ ತಾಯಿಯೇ ಹೇಳಿದಳು, ಹೆಮ್ಮೆಯಿಂದ.

“ಶಿಗ್ಗಾಂವಿ ಮಾಸ್ತರ ಮನಿ ನಿಂದೇನು?” ನೀಲಪ್ಪ ಕೇಳಿದ.

“ನಂದು.”

“ಹಿರೇಕೆರೂರಿನ ಖಾನಾವಳಿ ಅಟ್ಟದ ರೆಗ್ಯುಲೇಟರ್?”

ನಸೀರಾ ಅವನ ಮುಖ ನೋಡಿದಳು. “ಹಿರೇಕೆರೂರಿಗೆ ನಾ ಹೋಗಿಲ್ಲಣ್ಣಾ. ಆ ಕಡಿ ಬಸ್ಸು ಇನ್ನೂ ಹತ್ತೇ ಇಲ್ಲ.”

ಮುನವ್ವರಾಳ ಸೂಜಿ ನಿಂತಿತು. ಹೊರಗೆ ಎಲ್ಲೋ ಆಡು ಒದರುತ್ತಿತ್ತು, ಅದೂ ನಿಂತಿತು. ಮೂವರೂ ಬಾಗಿಲ ಕಡೆಗೆ ತಿರುಗಿದರು. ಆ ಮಾತು ಅಲ್ಲಿಗೇ ಉಳಿಯಿತು. ನೀಲಪ್ಪ ಮುಂದೆ ಎಂದೂ ಅದನ್ನು ಎತ್ತಲಿಲ್ಲ, ಉಳಿವೆಪ್ಪನ ಅಟ್ಟವನ್ನು ಮತ್ತೆ ಹತ್ತಲೂ ಇಲ್ಲ.

ಚಹಾ ಮುಗಿದ ಮೇಲೆ ನಸೀರಾ ಸೆರಗು ಹೊದ್ದುಕೊಂಡು ಎದ್ದಳು. “ಇಲ್ಲೇ ಪ್ಯಾಟ್ಯಾಗ ನಾಗವ್ವ ಅಕ್ಕೋರ ಮನ್ಯಾಗ ಒಂದ್ ಕೆಲಸ ಐತಿ. ಬರ್ತೀಯೇನಣ್ಣಾ?”

ಓಣಿಯ ತಿರುವಿನಲ್ಲಿ ನೀಲಪ್ಪ ನಿಂತ. “ನಸೀರಾ, ಅವತ್ತು ಹಾನಗಲ್ದಾಗ...”

“ಗೊತ್ತೈತಿ.” ಅವಳು ನಿಲ್ಲಲಿಲ್ಲ. “ಸ್ವಿಚ್ಚು ಉಲ್ಟಾ ಇತ್ತು. ಆದ್ರೂ ಫ್ಯೂಜು ತಗದಿದ್ರ ಅಬ್ಬಾಗ ಏನೂ ಆಗ್ತಿರ್ಲಿಲ್ಲ. ಫ್ಯೂಜು ತಗಸದ ಅಬ್ಬಾ ತಂತಿಗೆ ಕೈ ಹಚ್ಚವರಲ್ಲ. ತಗದೇನಿ ಅಂತ ಯಾರೋ ಹೇಳಿರಬೇಕು. ಅಲ್ಲಿ ಇದ್ದಾಂವ ನೀ ಒಬ್ಬನ.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಹತ್ತು ಹೆಜ್ಜೆ ಮುಂದಿದ್ದಳು.

ನಾಗವ್ವ ಹೆಣ್ಣುಮಕ್ಕಳ ಸಾಲೆಯ ಶಿಕ್ಷಕಿ, ಹಳೆಯ ದೊಡ್ಡ ಮನೆಯೊಂದರಲ್ಲಿ ಬಾಡಿಗೆಗಿದ್ದವರು. ಸಾಲೆಗೆ ಹೋಗುವಾಗ ಕೀಲಿಕೈಯನ್ನು ನಸೀರಾಳ ಕೈಗೆ ಕೊಟ್ಟಿದ್ದರು. ಒಳಗೆ ಒಂದರ ಹಿಂದೆ ಒಂದು ಮೂರು ಖೋಲಿ, ಎತ್ತರದ ಛತ್ತು, ಗೋಡೆಯ ಸುಣ್ಣವೆಲ್ಲ ಹಕ್ಕಳಿಕೆ ಎದ್ದಿತ್ತು. ನಡುಮನೆಯ ಫ್ಯಾನು ಮೂರು ದಿನದಿಂದ ನಿಂತಿತ್ತು. ಗೋಡೆಯ ಸ್ವಿಚ್ಚು ಸರಿಯಿತ್ತು, ರೆಗ್ಯುಲೇಟರೂ ಸರಿಯಿತ್ತು. ನಸೀರಾ ಎರಡನ್ನೂ ನೋಡಿ ಮುಗಿಸಿದ್ದಳು. ಉಳಿದದ್ದು ಮೇಲಿನ ಹೆಣಿಗೆ. ಫ್ಯೂಜಿನ ಬೋರ್ಡು ಮೂರನೆಯ ಖೋಲಿಯ ಆಚೆ, ಕತ್ತಲಲ್ಲಿ.

“ನಾ ಹತ್ತತೇನಿ ದಿನಾ. ಇವತ್ತು ನೀ ಹತ್ತು,” ಎಂದಳು. “ಫ್ಯೂಜು ನಾ ತಗೀತೇನಿ.”

ನೀಲಪ್ಪ ಅವಳನ್ನೇ ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಅವಳು ಒಳಗೆ ಹೋದಳು. ಬರಿಗಾಲಿನ ಸದ್ದು ಒಂದು ಖೋಲಿ ದಾಟಿತು, ಎರಡು ದಾಟಿತು, ಆಮೇಲೆ ಕೇಳಿಸಲಿಲ್ಲ.

ಅವನು ಏಣಿ ಹತ್ತಿದ. ಚೀಲದಲ್ಲಿ ಟೆಸ್ಟ್ ಬಲ್ಬು ಇತ್ತು. ಅದನ್ನು ಹಚ್ಚಿ ನೋಡಿದ್ದರೆ ಕರೆಂಟು ಇದೆಯೋ ಇಲ್ಲವೋ ಕ್ಷಣದಲ್ಲಿ ತಿಳಿಯುತ್ತಿತ್ತು. ಚೀಲ ನೆಲದ ಮೇಲಿತ್ತು. ಅದರ ಕಡೆ ಒಮ್ಮೆ ನೋಡಿದ, ಇಳಿಯಲಿಲ್ಲ.

“ತಗದೀಯೇನು?” ಅವನ ದನಿ ಛತ್ತಿಗೆ ಬಡಿದು ತಿರುಗಿ ಬಂತು.

ಎಲ್ಲೋ ಗೋಡೆಯೊಳಗೆ ಗೆದ್ದಲು ಹಿಡಿದ ಕಟ್ಟಿಗೆ ಕಟ್ ಎಂದಿತು. ಕೊನೆಗೆ ಬಹಳ ದೂರದಿಂದ, “ತಗದೇನಿ,” ಎಂಬ ಮಾತು ಬಂತು. ಅದನ್ನು ಆಡಿದ್ದು ಹೆಣ್ಣೋ ಗಂಡೋ ಎಂಬುದೂ ಅವನಿಗೆ ಆ ಹೊತ್ತು ತಿಳಿಯಲಿಲ್ಲ.

ನೀಲಪ್ಪನಿಗೆ ಶಾರವ್ವ ನೆನಪಾದಳು. ಬಲಗೈಯಿಂದ ಕಬ್ಬಿಣದ ಕೊಂಡಿ ಹಿಡಿದ. ಎಡಗೈ ಮುಂದೆ ಮಾಡಿ, ತೆರೆದ ತಾಮ್ರವನ್ನು ಮೂರು ಬೆರಳಿನಿಂದ ಹಿಡಿದ.

ಏನೂ ಆಗಲಿಲ್ಲ. ತಾಮ್ರ ತಣ್ಣಗಿತ್ತು, ತಂತಿಯಂತೆ ತಂತಿ.

ಹಳೆಯ ಹೆಣಿಗೆ ಕಡಿದು ಹೊಸದು ಹಾಕಿದ. ಟೇಪು ಸುತ್ತಿದ. ಐದು ನಿಮಿಷದ ಕೆಲಸ ಅರ್ಧ ತಾಸು ಹಿಡಿಯಿತು. ಆತು ಎಂದು ಕೂಗಿ ಕೆಳಗಿಳಿದ. ನಸೀರಾ ಬಂದಳು. ಅವಳ ಮುಷ್ಟಿಯಲ್ಲಿ ಫ್ಯೂಜು ಇತ್ತು. ಬಿಡಿಸಿದಾಗ ಅಂಗೈಯಲ್ಲಿ ಪಿಂಗಾಣಿಯ ಅಂಚು ಕೆಂಪಗೆ ಮೂಡಿತ್ತು.

“ಎರಡ್ ಸಲ ಹೊಳ್ಳಿ ಹಾಕಾಕ ಕೈ ಹೋತಣ್ಣಾ,” ಎಂದಳು. “ಮೂರನೇ ಸಲ ಹೋಗೂದ್ರಾಗ ನೀ ಆತಂದಿ.”

ನೀಲಪ್ಪ ಗೋಡೆಗೆ ಒರಗಿ ಕುಳಿತು ಅತ್ತ. ಅವಳು ತಡೆಯಲಿಲ್ಲ, ಸಮಾಧಾನ ಮಾಡಲಿಲ್ಲ. ಫ್ಯೂಜು ತೊಡಿಸಿ ಬಂದು, ಸ್ವಿಚ್ಚು ಹಾಕಿ, ಫ್ಯಾನು ಸರಿಯಾಗಿ ತಿರುಗುತ್ತಿದೆಯೋ ಎಂದು ತಲೆ ಎತ್ತಿ ನೋಡಿದಳು.

ಮರುದಿನ ನೀಲಪ್ಪ ಹಾನಗಲ್ಲಿಗೆ ಹೋಗಿ ಕರಬಸಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿದ. ಹೇಳೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಫ್ಯಾನು ಕೂಡಿಸಿದವರು ಯಾರೆಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಮಾದೇವಿಯೇ ಅಡಿಗೆಮನೆಯಿಂದ ಹೊರಗೆ ಬಂದು ಅದನ್ನು ಹೇಳಿದಳು. ಕರಬಸಪ್ಪನವರು ಬಹಳ ಹೊತ್ತು ಕೈಯೊಳಗಿನ ಎಲೆಗೆ ಸುಣ್ಣ ಸವರುತ್ತಲೇ ಇದ್ದರು.

“ಆರ್ ವರ್ಷ ನನ್ನ ಮನೀಗೆ ನಾನ ಅಂಜಿ ಬಾಳೇನಿ,” ಎಂದರು. “ಎದ್ದು ಹೋಗು. ಇನ್ನ ಈ ಹೊಸ್ತಿಲಾ ತುಳೀಬ್ಯಾಡ.”

ಸುದ್ದಿ ಪೇಟೆಗೆ ಹೋಯಿತು. ಪೇಟೆಯಿಂದ ಬಸ್ಸಿನೊಳಗೆ, ಬಸ್ಸಿನಿಂದ ಊರೂರಿಗೆ. ಹಾನಗಲ್ಲು, ಹಿರೇಕೆರೂರಿನ ಕೆಲಸಗಳು ನಿಂತವು. ಶಿಗ್ಗಾಂವಿಯಲ್ಲಿ ಗುದ್ಲೆಪ್ಪ ಮಾಸ್ತರರಂಥ ನಾಲ್ಕು ಜನ ಉಳಿದರು. ಎರಡು ವರ್ಷ ಅವನು ದುಂಡಸಿಯ ಕಡೆ ಬಾವಿಗಳ ಪಂಪು ಕೂಡಿಸಿ ಹೊಟ್ಟೆ ಹೊರೆದ. ಇತ್ತ ಕರಬಸಪ್ಪನವರು ತಮ್ಮ ಮನೆಯ ದುರಸ್ತಿಗೆಲ್ಲ ನಸೀರಾಳನ್ನೇ ಕರೆಸತೊಡಗಿದರು, ಹಗಲಿನಲ್ಲಿ, ಮುಂಬಾಗಿಲಿನಿಂದ. ಅವರು ಕರೆದ ಮೇಲೆ ಉಳಿದವರೂ ಕರೆದರು. ಎತ್ತರದ ಕೆಲಸವಿದ್ದ ಕಡೆ ಅವಳು ನೀಲಪ್ಪನನ್ನು ಕರೆದುಕೊಂಡು ಹೋಗುತ್ತಿದ್ದಳು. ಏಣಿ ಹತ್ತುವವನು ಅವನೇ. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವರ ನಡುವೆ ಬೆಳೆಯಲಿಲ್ಲ.

ಮುನವ್ವರಾಳಿಗೂ ಸುದ್ದಿ ಮುಟ್ಟಿತ್ತು. ಅದು ತಿಳಿದ ಮೇಲೆ ಒಂದು ತಿಂಗಳು ನೀಲಪ್ಪ ಆ ಮನೆಯ ಓಣಿಗೆ ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹೋದ. ಬಾಗಿಲು ತೆರೆದೇ ಇತ್ತು. ಮುದುಕಿ ಚಾಪೆಯ ಮೇಲೆ ಅರಿವೆ ತುಂಡುಗಳನ್ನು ಹರಡಿಕೊಂಡು ಮುಟ್ಟಿ ಮುಟ್ಟಿ ಆರಿಸುತ್ತಿದ್ದಳು. ಅವನ ಹೆಜ್ಜೆಯನ್ನು ಗುರುತಿಸಿದಳು. ಕುಳಿತುಕೋ ಎನ್ನಲಿಲ್ಲ.

ಅವನು ನಿಂತೇ ಇದ್ದ. ಬಿಸಿಲು ಹೊಸ್ತಿಲಿನಿಂದ ಚಾಪೆಯ ಅಂಚಿನವರೆಗೆ ಸರಿಯಿತು.

“ಅವತ್ತ,” ಎಂದಳು ಮುನವ್ವರಾ, ಮುಖ ಎತ್ತದೆ, “ನಮ್ಮ ಮನಿಯವರು ಬೆಳಿಗ್ಗೆ ಏನೂ ತಿನ್ನದ ಹೋಗಿದ್ರು. ನನ್ನ ಕೂಡ ಜಗಳ ಮಾಡಿ ಹೋಗಿದ್ರು. ಮಧ್ಯಾಹ್ನಕ್ಕ ಉಂಡಿದ್ರೇನು?”

“ಉಂಡಿದ್ರಿ ಚಾಚಿ. ಕರಬಸಪ್ಪನವರ ಮನ್ಯಾಗ ರೊಟ್ಟಿ, ಪುಂಡಿಪಲ್ಲೆ ಹಾಕಿದ್ರು. ಕಟ್ಟೀ ಮ್ಯಾಲ ಇಬ್ರೂ ಕೂಡಿ ಕುಂತು ಉಂಡ್ವಿ. ಆಮ್ಯಾಲ ಏಣಿ ಹತ್ತಿದ್ರು.”

“ಎಷ್ಟ್ ರೊಟ್ಟಿ?”

“ಮೂರು. ಮ್ಯಾಲ ಮಜ್ಜಿಗಿ ಕುಡದ್ರು.”

ಮುನವ್ವರಾ ಮೂರು ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಕೈಯಲ್ಲಿದ್ದ ತುಂಡನ್ನು ಮಡಿಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು.